ಚಿಕ್ಕಪ್ಪ ಕೇಳಿದ್ದು ಎಷ್ಟು ತಂತಿ ಎಂದು

ಬೇಸ್ ಗಿಟಾರಿಗೆ ಎಷ್ಟು ತಂತಿ ಇರಬೇಕು ಎಂದು ನನ್ನನ್ನು ಕೇಳಿದವರಿಗೆಲ್ಲ ಸರಿಯಾದ ಉತ್ತರ ಕೊಟ್ಟಿದ್ದೇನೆ, ಒಬ್ಬರನ್ನು ಬಿಟ್ಟು. ಆ ಒಬ್ಬರು ನನ್ನ ಚಿಕ್ಕಪ್ಪ, ನನಗೆ ಬೇಸ್ ಕಲಿಸಿದವರು. ತಿಳಿಯದೆ ತಪ್ಪು ಹೇಳಿಬಿಟ್ಟೆ ಎಂದು ಬರೆದುಕೊಂಡರೆ ನನ್ನ ಮರ್ಯಾದೆಯಾದರೂ ಉಳಿಯುತ್ತಿತ್ತು. ಆದರೆ ನಾನು ತಿಳಿದೇ ಹೇಳಿದೆ.

ನಮ್ಮದು ಉಡುಪಿ ಕಡೆಯ ಮನೆತನ. ಅಜ್ಜನ ಕಾಲದಿಂದ ವೆಸ್ಟ್ ಮಾಂಬಲಂನಲ್ಲಿ ಒಂದು ಸಣ್ಣ ಊಟದ ಮೆಸ್ ನಡೆಸಿಕೊಂಡು ಬಂದಿದ್ದೇವೆ. ಕೆಳಗೆ ಮೆಸ್, ಮೇಲೆ ಮನೆ. ಅಪ್ಪನದು ಅಡಿಗೆ. ಚಿಕ್ಕಪ್ಪ ಮದುವೆಯಾಗಲಿಲ್ಲ, ಬೆಳಿಗ್ಗೆ ದೋಸೆಕಲ್ಲಿನ ಮುಂದೆ ನಿಲ್ಲುವುದು, ಸಂಜೆ ಬಿಳಿ ಶರ್ಟು ಹಾಕಿಕೊಂಡು ಮದುವೆ ರಿಸೆಪ್ಷನ್ನುಗಳಿಗೆ ಹೋಗುವುದು. ಅಲ್ಲಿ ಸಿನಿಮಾ ಹಾಡು ಹಾಡುವ ಒಂದು ಟ್ರೂಪಿನಲ್ಲಿ ಇಪ್ಪತ್ತೆರಡು ವರ್ಷ ಅವರೇ ಬೇಸ್ ನುಡಿಸಿದರು. ಬೇಸ್ ಎಂದರೆ ಸಾಂಬಾರಿನ ಬೇಳೆ ಇದ್ದ ಹಾಗೆ. ಕಡಿಮೆಯಾದಾಗ ಮಾತ್ರ ಜನ ಮುಖ ಹುಳ್ಳಗೆ ಮಾಡುತ್ತಾರೆ. ದೋಸೆ ಹುಯ್ಯುವ ಚಿಕ್ಕಪ್ಪನನ್ನು ಯಾರೂ ಸರ್ ಎನ್ನುತ್ತಿರಲಿಲ್ಲ. ಟ್ರೂಪಿನಲ್ಲಿ ಎನ್ನುತ್ತಿದ್ದರು. ಅದಕ್ಕಾಗಿಯೇ ಅವರು ಬದುಕಿದ್ದರು ಎಂದರೆ ಸುಳ್ಳಲ್ಲ.

ಅವರ ಎಡಗೈಯ ಕಿರುಬೆರಳು ಬಾಗುವುದಿಲ್ಲ. ಹುಡುಗನಾಗಿದ್ದಾಗ ಹಿಟ್ಟು ರುಬ್ಬುವ ಗ್ರೈಂಡರಿಗೆ ಸಿಕ್ಕಿದ್ದು. ಮೂರು ಕಾಫಿ ಎಂದು ಎಡಗೈ ಎತ್ತಿ ತೋರಿಸಿದರೆ ಅಡಿಗೆಮನೆಯಿಂದ ನಾಲ್ಕು ಬರುತ್ತಿತ್ತು, ನಾವೆಲ್ಲ ನಗುತ್ತಿದ್ದೆವು. ಟ್ರೂಪಿನಲ್ಲಿ ಮಾತ್ರ ಈ ವಿಷಯ ಒಬ್ಬರಿಗೂ ಗೊತ್ತಿರಲಿಲ್ಲ. ನಾಲ್ಕು ತಂತಿಯ ಬೇಸಿನ ಕತ್ತು ಸಪೂರ. ಉಳಿದ ಮೂರೇ ಬೆರಳಲ್ಲಿ ಎಲ್ಲ ಹಾಡಿಗೂ ಅವರು ಒಂದೊಂದು ದಾರಿ ಹುಡುಕಿಕೊಂಡಿದ್ದರು. ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ, ಹಳೆ ಫ್ಯಾನುಗಳ ರಾಶಿಯ ಪಕ್ಕದಲ್ಲಿ ಸಿಕ್ಕಿದ ಕಂದು ಬಣ್ಣದ ಬೇಸ್ ಅದು. ನನಗಿಂತ ಹೆಚ್ಚು ಜೋಪಾನವಾಗಿ ಬೆಳೆದದ್ದು.

ಹದಿಮೂರನೇ ವಯಸ್ಸಿನಲ್ಲಿ ನಾನು ಕಲಿಸಿ ಎಂದು ಗಂಟುಬಿದ್ದೆ. ಅವರು ನನ್ನ ಅಂಗೈಯನ್ನು ತಮ್ಮ ಅಂಗೈಗೆ ಒತ್ತಿ ಅಳತೆ ನೋಡಿ, ಇದು ಹಪ್ಪಳ ಲಟ್ಟಿಸುವ ಕೈ ಎಂದರು. ಆದರೂ ಕಲಿಸಿದರು, ಚೆನ್ನಾಗಿಯೇ ಕಲಿಸಿದರು, ಅದನ್ನು ಅಲ್ಲಗಳೆಯಲಾರೆ. ಹತ್ತು ವರ್ಷ ಮಾಳಿಗೆಯ ಕೋಣೆಯಲ್ಲಿ ಕಲಿತೆ. ಸ್ಟೇಜಿಗೆ ಮಾತ್ರ ಕರೆದುಕೊಂಡು ಹೋಗುತ್ತಿದ್ದುದು ವೈರು ಸುತ್ತಲಿಕ್ಕೆ. ಒಂದೇ ಒಂದು ಸಲ ಅವರಿಗೆ ಜ್ವರ ಬಂದು ನಾನು ನುಡಿಸಿದೆ. ಟ್ರೂಪಿನ ಯಜಮಾನರಿಗೆ, ಅಂದರೆ ಅದರ ಮುಖ್ಯ ಗಾಯಕರಿಗೆ, ಖುಷಿಯಾಯಿತು. ಮತ್ತೆ ಕರೆಯುತ್ತಾರೆಂದು ಕಾದೇ ಕಾದೆ. ವರ್ಷ ಕಳೆದ ಮೇಲೆ ಅವರು ನಮ್ಮ ಮೆಸ್ಸಿಗೆ ಊಟಕ್ಕೆ ಬಂದವರು ನನ್ನನ್ನು ನೋಡಿ, ಪಾವಂ, ಅಪ್ಪ ಸ್ಟೇಜಿಗೆ ಕಳಿಸುವುದಿಲ್ಲವಂತಲ್ಲ ಎಂದು ತಮಿಳಿನಲ್ಲಿ ಮರುಗಿದರು. ಅಪ್ಪ ಹಾಗೆ ಹೇಳಿದವರೇ ಅಲ್ಲ. ಹೇಳಿದ್ದು ಚಿಕ್ಕಪ್ಪ. ಅನ್ನದ ಪಾತ್ರೆ ಹಿಡಿದುಕೊಂಡು ನಿಂತಲ್ಲೇ ನನಗೆ ಮೈಯೆಲ್ಲ ಉರಿದುಹೋಯಿತು. ಚಿಕ್ಕಪ್ಪನ ಹತ್ತಿರ ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಗಿ ಮುಗಿದುಹೋಗುತ್ತಿತ್ತೇನೋ.

ಈಗ ಯಜಮಾನರ ಕಥೆ. ಅವರಿಗೆ ಅರವತ್ತು ದಾಟಿತ್ತು, ದನಿ ಇಳಿಯುತ್ತಿತ್ತು. ಚೆನ್ನೈಯಲ್ಲಿ ಶ್ರುತಿಯನ್ನು ಕಟ್ಟೈ ಎಂದು ಲೆಕ್ಕ ಹಾಕುತ್ತಾರೆ. ಪಲ್ಲವಿ ಶುರುವಾಗುವ ಮೊದಲು ಯಜಮಾನರು ಬೆನ್ನ ಹಿಂದೆ ಹೆಬ್ಬೆರಳು ಕೆಳಗೆ ಮಾಡಿ ತೋರಿಸಿದರೆ ಅರ್ಧ ಕಟ್ಟೈ ಇಳಿಸಬೇಕು ಎಂದರ್ಥ. ಮೊದಮೊದಲು ಒಂದು ಸಲ ತೋರಿಸುತ್ತಿದ್ದವರು ಆಮೇಲೆ ಎರಡು ಸಲ, ಮೂರು ಸಲ ತೋರಿಸತೊಡಗಿದರು. ಹಾಡು ಅಷ್ಟು ಇಳಿದರೆ ನಾಲ್ಕು ತಂತಿಯ ಬೇಸಿನಲ್ಲಿ ಆ ಕೆಳಗಿನ ಸ್ವರಗಳೇ ಇರುವುದಿಲ್ಲ. ಚಿಕ್ಕಪ್ಪ ಅವನ್ನು ಮೇಲಿನ ಸ್ಥಾಯಿಯಲ್ಲಿ ನುಡಿಸಬೇಕಾಗುತ್ತಿತ್ತು, ಹಾಡು ಟೊಳ್ಳಾಗುತ್ತಿತ್ತು. ಯಜಮಾನರು ಎಲ್ಲರೆದುರು, ಬೇಸ್ ಎಲ್ಲಿ, ಬೇಸೇ ಕೇಳುವುದಿಲ್ಲವಲ್ಲ ಎಂದು ರೇಗುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮ ದನಿ ಇಳಿದಿದೆ ಎಂದು ಹೇಳುವ ಧೈರ್ಯ ಟ್ರೂಪಿನಲ್ಲಿ ಯಾರಿಗಿತ್ತು? ಕೊನೆಗೆ ಅವರು ಅಪ್ಪಣೆ ಮಾಡಿದರು: ಹೊಸ ಮುಹೂರ್ತದ ಸೀಸನ್ ಶುರುವಾಗುವುದರೊಳಗೆ ಹೆಚ್ಚು ತಂತಿಯ ಬೇಸ್ ತನ್ನಿ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ.

ಆ ಮಾತು ಚಿಕ್ಕಪ್ಪ ನನಗೆ ಹೇಳಿದ್ದು ಒಂದು ಮಧ್ಯಾಹ್ನ, ಊಟದ ಗಲಾಟೆ ಮುಗಿದ ಮೇಲೆ. ನಾವಿಬ್ಬರೂ ಎದುರುಬದುರು ಕೂತು ಹುರುಳಿಕಾಯಿ ಕತ್ತರಿಸುತ್ತಿದ್ದೆವು. ಅವರು ತಲೆ ಎತ್ತದೆ ಕೇಳಿದರು.

"ಐದು ತಗೊಳ್ಳುವುದಾ, ಆರು ತಗೊಳ್ಳುವುದಾ? ನೀನು ಫೋನಲ್ಲಿ ಎಲ್ಲ ನೋಡ್ತಿಯಲ್ಲ, ನೀನೇ ಹೇಳು ಮಾರಾಯ್ತಿ."

ನನಗೆ ಉತ್ತರ ಗೊತ್ತಿತ್ತು. ಅದಕ್ಕೆ ಎರಡು ವಾರ ಮೊದಲು ಆಂಪ್ಲಿಫೈಯರಿನ ವೈರು ಸರಿಮಾಡಿಸಲು ಹೋದಾಗ, ಆ ಕೆಳಗಿನ ಸ್ವರಗಳು ಸಿಗಬೇಕಾದರೆ ಏನು ಮಾಡಬೇಕೆಂದು ಗಿಟಾರ್ ರಿಪೇರಿಯವರ ಹತ್ತಿರ ನಾನಾಗಿಯೇ ಕೇಳಿದ್ದೆ. ಅವರು ನಕ್ಕು, ಇದಕ್ಕೆ ಹೊಸ ಬೇಸ್ ಯಾಕಮ್ಮಾ ಎಂದಿದ್ದರು. ಇರುವ ನಾಲ್ಕರಲ್ಲಿ ಅತಿ ತೆಳುವಾದ ತಂತಿಯನ್ನು ಬಿಚ್ಚಿಬಿಡುವುದು, ಉಳಿದ ಮೂರನ್ನು ಒಂದೊಂದು ಮನೆ ಕೆಳಗೆ ಸರಿಸುವುದು, ಮೇಲ್ಗಡೆ ಒಂದು ದಪ್ಪ ತಂತಿ ಹಾಕುವುದು. ತಂತಿ ಕೂರುವ ಗೀರುಗಳನ್ನು ಅರದಿಂದ ಸ್ವಲ್ಪ ಅಗಲ ಮಾಡಿದರೆ ಆಯಿತು. ನಾಲ್ಕು ನಾಲ್ಕೇ ಇರುತ್ತದೆ, ಯಜಮಾನರ ದನಿ ಪಾತಾಳಕ್ಕೆ ಇಳಿದರೂ ಬೇಸ್ ಅದರ ಕೆಳಗೆ ಇರುತ್ತದೆ. ಅರ್ಧ ಗಂಟೆಯ ಕೆಲಸ. ಇದನ್ನು ಚಿಕ್ಕಪ್ಪನಿಗೆ ಹೇಳಬೇಕೆಂದೇ ಕೇಳಿಕೊಂಡು ಬಂದಿದ್ದೆ ಎಂದು ನಾನು ಬಹಳ ದಿನ ನನಗೇ ಸಮಾಧಾನ ಹೇಳಿಕೊಂಡೆ. ಹಾಗಿದ್ದರೆ ಎರಡು ವಾರ ಬಾಯಿ ಯಾಕೆ ಬಿಡಲಿಲ್ಲ?

"ಆರೇ ತಗೊಳ್ಳಿ ಚಿಕ್ಕಪ್ಪ," ಎಂದೆ. "ಐದು ಈಗ ಎಲ್ಲರ ಹತ್ರವೂ ಉಂಟು."

ಅಂಗಡಿಗೆ ನಾನೇ ಜೊತೆಯಲ್ಲಿ ಹೋದೆ. ಚಿಕ್ಕಪ್ಪ ಮೊದಲು ಕೈಗೆತ್ತಿಕೊಂಡದ್ದು ಐದು ತಂತಿಯದನ್ನು. ಎರಡು ಸ್ವರ ನುಡಿಸಿದರು, ದಪ್ಪ ತಂತಿ ಗುಂಯ್ ಎಂದಾಗ ಅವರ ಮುಖ ಅರಳಿತು. ಕಷ್ಟಪಟ್ಟರೂ ಅವರ ಮೂರು ಬೆರಳಿಗೆ ಅದು ಒಗ್ಗುತ್ತಿತ್ತು. ನಾನು ಅದನ್ನು ಅವರ ಕೈಯಿಂದ ತೆಗೆದು ಗೋಡೆಗೆ ತೂಗುಹಾಕಿ, ಆರರದ್ದನ್ನು ಕೊಟ್ಟೆ. ಅದರ ಕತ್ತು ಅಂಗೈಯಷ್ಟು ಅಗಲ. ಅವರು ಕೈ ಸುತ್ತಿ ನೋಡಿದರು, ಕಿರುಬೆರಳು ಚಾಚಿಕೊಂಡೇ ಇತ್ತು. ಸ್ವಲ್ಪ ದೊಡ್ಡದಾಯಿತಲ್ಲವೇ ಎಂದು ನನ್ನ ಮುಖ ನೋಡಿದರು. ಅಭ್ಯಾಸವಾದರೆ ಸರಿಹೋಗುತ್ತದೆ, ಆರು ತಂತಿ ನೋಡಿದರೆ ಯಜಮಾನರು ಸಾಯುವವರೆಗೂ ನಿಮ್ಮನ್ನು ಬಿಡುವುದಿಲ್ಲ ಎಂದೆ. ನಂಬಿದರು. ತಾವು ಕಲಿಸಿದವಳಲ್ಲವೇ, ನಂಬಿದರು. ಮನೆಗೆ ಬಂದವರೇ ಹಳೆಯ ಕಂದು ಬೇಸನ್ನು ನನ್ನ ಮಡಿಲಿಗೆ ಹಾಕಿ, ಇನ್ನು ಇದು ನಿನ್ನದೇ, ನಿನಗೆ ನಾಲ್ಕು ಸಾಕಲ್ಲ ಎಂದರು.

ಸಾಕು ಎಂದೆ. ಮರುದಿನವೇ ರಿಪೇರಿಯವರ ಹತ್ತಿರ ಹೋಗಿ ತೆಳು ತಂತಿ ಬಿಚ್ಚಿಸಿ ದಪ್ಪದ್ದು ಹಾಕಿಸಿಕೊಂಡು ಬಂದೆ. ಮೂರು ವಾರ, ಕೋಣೆಯ ಬಾಗಿಲು ಹಾಕಿಕೊಂಡು, ಆಂಪ್ಲಿಫೈಯರ್ ಇಲ್ಲದೆ ಅಭ್ಯಾಸ ಮಾಡಿದೆ. ಪಕ್ಕದ ಕೋಣೆಯಲ್ಲಿ ಚಿಕ್ಕಪ್ಪನೂ ಅಭ್ಯಾಸ ಮಾಡುತ್ತಿದ್ದರು. ದಪ್ಪ ತಂತಿಯ ಮೇಲೆ ಬೆರಳಿಡಲು ಮಣಿಕಟ್ಟು ತಿರುಚಿದರೆ, ಬಾಗದ ಕಿರುಬೆರಳು ತಂತಿಗಳ ಮೇಲೆ ಅಡ್ಡ ಬೀಳುತ್ತಿತ್ತು, ಸ್ವರ ಸತ್ತುಹೋಗುತ್ತಿತ್ತು. ಗೋಡೆಯಾಚೆಯಿಂದ ಢಬ್, ಢಬ್ ಎಂದು ಕೇಳುತ್ತಿತ್ತು. ಒಂದು ದಿನ ಬಾಗಿಲಲ್ಲಿ ನಿಂತು, ಕೈ ನೋಯುತ್ತದೆ ಮಾರಾಯ್ತಿ, ಅಂಗಡಿಯವರು ಬದಲಿಸಿ ಐದು ಕೊಡುತ್ತಾರಾ ಎಂದರು. ಕೊಡುವುದಿಲ್ಲವಂತೆ ಎಂದೆ. ನಾನು ಅಂಗಡಿಯವರನ್ನು ಕೇಳಿಯೇ ಇರಲಿಲ್ಲ.

ಸೀಸನ್ನಿನ ಮೊದಲ ರಿಸೆಪ್ಷನ್ ವಡಪಳನಿಯ ಒಂದು ಕಲ್ಯಾಣಮಂಟಪದಲ್ಲಿ. ನಾನು ಎಂದಿನಂತೆ ವೈರು ಸುತ್ತಲು ಹೋದೆ, ಕಂದು ಬೇಸನ್ನೂ ಹೆಗಲಿಗೆ ಹಾಕಿಕೊಂಡು. ಇದನ್ನು ಯಾಕೆ ತಂದೆ ಎಂದು ಚಿಕ್ಕಪ್ಪ ಕೇಳಿದರು. ಒಂದು ಹೆಚ್ಚಿಗೆ ಇರಲಿ ಎಂದೆ. ಅವರು ಸಮಾಧಾನದಿಂದ ತಲೆ ಆಡಿಸಿದರು, ಎಷ್ಟು ಜಾಗ್ರತೆಯ ಹುಡುಗಿ ಎಂಬ ಹಾಗೆ.

ಆರು ತಂತಿ ಕಂಡು ಯಜಮಾನರು ಬೆನ್ನು ತಟ್ಟಿದರು. ಮೊದಲ ಹಾಡಿಗೆ ಹೆಬ್ಬೆರಳು ಮೂರು ಸಲ ಇಳಿಯಿತು. ಅಲ್ಲಿಂದ ಶುರು, ಢಬ್, ಢಬ್. ಡ್ರಮ್ಮಿನವರು ತಿರುಗಿ ನೋಡಿದರು. ಎರಡನೇ ಹಾಡಿನ ನಡುವೆ ಯಜಮಾನರು ಹಾಡುತ್ತಲೇ ಹಿಂದೆ ಸರಿದು ಚಿಕ್ಕಪ್ಪನ ಎಡಗೈಯನ್ನೇ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಬೆರಳು ಅವರ ಕಣ್ಣಿಗೆ ಬಿತ್ತು. ಹಾಡು ಮುಗಿದ ಮೇಲೆ ಮೈಕು ಕೆಳಗಿಟ್ಟು, ಆ ಬೆರಳನ್ನು ಹಿಡಿದು ಮಡಿಸಲು ನೋಡಿದರು. ಅದು ಬಾಗಲಿಲ್ಲ. ಇಷ್ಟು ವರ್ಷ ಊನದ ಕೈಯವನಿಗಾ ನಾನು ಅನ್ನ ಹಾಕಿದ್ದು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ನನ್ನ ಕಡೆ ಕೈ ಮಾಡಿ ಕರೆದರು.

ಆ ಮಾತು ಕೇಳಿ ನನಗೆ ನೋವಾಯಿತು ಎಂದು ಬರೆಯಬಹುದು. ಆಗಿದ್ದು ಸಂತೋಷ. ಅನ್ನದ ಪಾತ್ರೆ ಹಿಡಿದು ನಿಂತ ದಿನದ ಉರಿ ಅಂದು ಆರಿತು. ಕಂದು ಬೇಸ್ ಹಾಕಿಕೊಂಡು ನಿಂತೆ, ಹೆಬ್ಬೆರಳು ಮೂರು ಸಲ ಇಳಿಯಿತು, ನಾನೂ ಇಳಿದೆ. ಸ್ಟೇಜಿನ ಹಲಗೆ ನಡುಗಿತು. ಯಜಮಾನರು ಕಣ್ಣು ಮುಚ್ಚಿ ಹಾಡಿದರು. ನಾಲ್ಕನೆಯ ಹಾಡಿನ ಹೊತ್ತಿಗೆ ಚಿಕ್ಕಪ್ಪ ಎಲ್ಲಿದ್ದಾರೆಂದು ಹುಡುಕಿದೆ, ನೋಡಲೇಬೇಕು ಅನ್ನಿಸಿತು. ಸ್ಟೇಜಿನ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಅವರು ವೈರು ಸುತ್ತುತ್ತಿದ್ದರು.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ದೋಸೆಯ ಕೆಲಸ ಮುಗಿಸಿ ಮೇಲೆ ನನ್ನ ಕೋಣೆಗೆ ಬಂದರು. ಮೈಯಿಂದ ಎಣ್ಣೆಯ ವಾಸನೆ ಬರುತ್ತಿತ್ತು. ಕಂದು ಬೇಸನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೇಲಿನ ತಂತಿಯನ್ನು ಹೆಬ್ಬೆರಳಲ್ಲಿ ಒಮ್ಮೆ ಮೀಟಿದರು.

"ಒಂದು ದಪ್ಪದ್ದು ಹಾಕಿದ್ದಾ? ಇಷ್ಟೇ ಸಾಕಿತ್ತಾ?"

"ಸಾಕಿತ್ತು."

"ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ನೀವು ಕೇಳಿದ್ದು ಎಷ್ಟು ತಂತಿ ಅಂತ."

ಅಪ್ಪ ಸ್ಟೇಜಿಗೆ ಕಳಿಸುವುದಿಲ್ಲ ಎಂದು ಹೇಳಿದ್ದು ಯಾಕೆ ಎಂದು ಆಗಲಾದರೂ ಕೇಳಬಹುದಿತ್ತು. ನಾಲಗೆಯ ತುದಿಯವರೆಗೂ ಬಂದಿತ್ತು. ಕೇಳಿದರೆ ನನಗೂ ಒಂದು ಕಾರಣ ಇತ್ತೆಂದು ಅವರಿಗೆ ತಿಳಿಯುತ್ತದೆ, ಆ ನೆಮ್ಮದಿಯನ್ನೂ ಕೊಡಬಾರದು ಅನ್ನಿಸಿತು. ಎಂಥ ಹಾಳು ಬುದ್ಧಿ ನನ್ನದು! ಅವರು ಬೇಸನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟು ಕೆಳಗಿಳಿದು ಹೋದರು. ಆ ತಿಂಗಳೇ ಮೆಸ್ಸನ್ನೂ ಬಿಟ್ಟರು.

ಈಗ ಅವರು ವಡಪಳನಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದು ಗಿಟಾರ್ ಪಾಠ ಹೇಳುತ್ತಾರೆ. ನನ್ನ ಹತ್ತಿರ ಮಾತಿಲ್ಲ. ನಾನು ಟ್ರೂಪಿನಲ್ಲಿ ಏಳನೇ ಸೀಸನ್ ನುಡಿಸುತ್ತಿದ್ದೇನೆ, ಅದೇ ಕಂದು ಬೇಸಿನಲ್ಲಿ. ಮಾತಿಲ್ಲದಿದ್ದರೂ ಬೇಸ್ ಕೊಳ್ಳಬೇಕಾದ ಶಿಷ್ಯರನ್ನೆಲ್ಲ ಅವರು ನನ್ನ ಹತ್ತಿರವೇ ಕಳಿಸುತ್ತಾರೆ, ಎಷ್ಟು ತಂತಿ ಬೇಕೆಂದು ಅವಳನ್ನೇ ಕೇಳಿ, ಅವಳಿಗೆ ಚೆನ್ನಾಗಿ ಗೊತ್ತು ಎಂದು ಹೇಳಿ. ಒಬ್ಬ ಬ್ಯಾಂಕಿನವರು ಬಂದರು, ಒಬ್ಬ ನರ್ಸ್ ಬಂದರು. ಚಿಕ್ಕಪ್ಪ ಮನಸ್ಸಿನಲ್ಲಿ ನನ್ನನ್ನು ಕ್ಷಮಿಸಿದ್ದಾರೆ, ಬಾಯಿಬಿಟ್ಟು ಹೇಳಲಾಗದೆ ಹೀಗೆ ಹೇಳಿ ಕಳಿಸುತ್ತಿದ್ದಾರೆ ಎಂದುಕೊಂಡೆ. ಬಂದವರ ಕೈ ನೋಡಿ, ಎಂಥ ಹಾಡು ನುಡಿಸುತ್ತಾರೆಂದು ವಿಚಾರಿಸಿ, ದೇವರಾಣೆ, ಸತ್ಯವನ್ನೇ ಹೇಳಿದೆ.

ಕಳೆದ ವಾರ ಒಬ್ಬಳು ಕಾಲೇಜು ಹುಡುಗಿ ಬಂದಳು. ಮನೆಮಾತು ಕನ್ನಡವಂತೆ, ಆದರೆ ಅರ್ಧ ತಮಿಳಿನಲ್ಲೇ ಮಾತು. ಅವಳ ಅಂಗೈಯನ್ನು ನನ್ನ ಅಂಗೈಗೆ ಒತ್ತಿ ನೋಡಿದೆ. ನನ್ನದಕ್ಕಿಂತ ಚಿಕ್ಕದು. ನಾಲ್ಕೇ ತಗೋ, ಬೇಕಾದರೆ ಮುಂದೆ ಒಂದು ದಪ್ಪ ತಂತಿ ಹಾಕಿಸಿಕೊಳ್ಳಬಹುದು ಎಂದು ಹೇಳಿ, ಹೇಗೆಂದು ಕಂದು ಬೇಸಿನಲ್ಲಿ ತೋರಿಸಿದೆ. ಅವಳು ಫೋನಿನಲ್ಲಿ ಬರೆದುಕೊಂಡಳು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ಸ್ವಲ್ಪ ಅನುಮಾನಿಸಿದಳು.

"ಸಾರ್ ಒಂದು ಮಾತು ಹೇಳಿದ್ದಾರೆ ಅಕ್ಕಾ. ನೀವು ಯಾವ ನಂಬರ್ ಹೇಳ್ತೀರೋ ಅದನ್ನು ಬಿಟ್ಟು ಬೇರೆ ಯಾವುದಾದ್ರೂ ತಗೊಳ್ಳಬೇಕಂತೆ. ಅಪ್ಪೋ, ಅಂದ್ರೆ ನಾಲ್ಕು ಬೇಡ, ಅಲ್ವಾ?"