ಪಂಪ್‌ಹೌಸಿನ ಡಿಸ್ಕ್

ಅದು ಮಾಮೂಲಿ ದಿನ. ನನ್ನ ಗಂಡ ಪಂಪ್‌ಹೌಸಿಗೆ ಹೊರಟಿದ್ದರು. ಊರಿಗೆ ನೀರು ಬಿಡುವ ಕೆಲಸ, ಎಲ್ಲರ ಬಾಯಲ್ಲೂ ಪಂಪಣ್ಣ. ನಲ್ಲಿ ಒಣಗಿದರೆ ಬೈಗುಳ, ನೀರು ಬಂದರೆ ಯಾರಿಗೂ ನೆನಪಿಲ್ಲ. ಶರ್ಟಿನ ಗುಂಡಿ ಕಿತ್ತುಹೋಗಿತ್ತು. ಮೈಮೇಲಿದ್ದಂತೆಯೇ ಹೊಲಿದೆ.

"ಬಾಯಿಗೂ ಒಂದು ಹೊಲಿಗೆ ಹಾಕ್ತೀಯೇನೇ?"

"ಅದಕ್ಕೆ ದಾರ ಸಾಲಲ್ಲ. ಸುಮ್ನೆ ನಿಂತ್ಕೊಳ್ಳಿ."

ಮರುದಿನ ಅಲ್ಲಿ ವಾಲ್ವ್ ನಡೆಸುವ ಕಂಪ್ಯೂಟರ್ ನಿಂತುಹೋಯಿತು. ವಾಲ್ವ್ ತೆರೆದೇ ಉಳಿಯಿತು. ಕೈಯಲ್ಲಿ ತಿರುಗಿಸಿ ಮುಚ್ಚಲು ಅವರು ಕೆಳಗಿನ ತೊಟ್ಟಿಗೆ ಇಳಿದರು. ನೀರು ನುಗ್ಗಿತು. ಅವರು ಮೇಲೆ ಬರಲಿಲ್ಲ.

ಕಣ್ಣೀರು ಆರುವ ಮೊದಲೇ ಸೂಪರ್‌ವೈಸರ್ ಮನೆಗೆ ಬಂದರು.

"ಪಂಪಣ್ಣನೇ ಏನೋ ಒತ್ತಿ ಆಫ್ ಮಾಡಿರ್ಬೇಕಮ್ಮ. ರಿಪೋರ್ಟಲ್ಲಿ ಹಾಗೇ ಬರೀತಾರೆ."

ಸತ್ತವರ ತಲೆಗೆ ಕಟ್ಟುವುದು ಸುಲಭ. ಎದ್ದು ಬಂದು ಅಲ್ಲ ಎನ್ನುತ್ತಾರೆಯೇ?

ನನ್ನ ನಾದಿನಿ ಕಂಪ್ಯೂಟರ್ ಡಿಸ್ಕ್ ರಿಪೇರಿ ಅಂಗಡಿಯಲ್ಲಿದ್ದಾಳೆ. ಅವಳು ಹೇಳಿದಳು: "ಅತ್ತಿಗೆ, ಕಂಪ್ಯೂಟರ್ ತಾನಾಗಿ ಕುಸಿದು ಬಿದ್ರೆ, ಬೀಳುವಾಗ ತಲೇಲಿದ್ದದ್ದನ್ನೆಲ್ಲ ಡಿಸ್ಕಿನ ಒಂದು ಮೂಲೆಗೆ ಸುರಿದು ಬೀಳುತ್ತೆ. ಯಾರಾದ್ರೂ ಆಫ್ ಮಾಡಿದ್ರೆ ಸುರಿಯಲ್ಲ. ಆದ್ರೆ ಮತ್ತೆ ಆನ್ ಮಾಡಬಾರ್ದು. ಅದರ ಮೇಲೇ ಬೇರೆ ಬರ್ಕೊಂಡುಬಿಡುತ್ತೆ."

ಸೂಪರ್‌ವೈಸರ್‌ಗೆ ಫೋನ್ ಮಾಡಿದೆ.

"ಆಗ್ಲೇ ಆನ್ ಮಾಡಿ ನೋಡಿದ್ವಲ್ಲಮ್ಮ. ಏಳ್ಲೇ ಇಲ್ಲ."

ಆದರೂ ಡಿಸ್ಕ್ ತಂದುಕೊಡಿ ಎಂದು ಬೇಡಿಕೊಂಡೆ. ಅಂಗಡಿಗೇ ತಂದರು. ಪಕ್ಕದಲ್ಲೇ ಕುರ್ಚಿ ಎಳೆದು ಕೂತರು.

ನಾದಿನಿ ವೈರು ಜೋಡಿಸಿದಳು. ಪರದೆಯ ತುಂಬ ಅಕ್ಷರ. ನಾನು ಓದಿದ್ದು ಮೂರನೇ ಕ್ಲಾಸು. ಅವಳ ಮುಖವನ್ನೇ ನೋಡುತ್ತ ನಿಂತೆ. ಹುಬ್ಬು ಗಂಟಾಯಿತು.

"ಏನೇ ಅದು?"

"ಡಿಸ್ಕಿಗೆ ವಯಸ್ಸಾಗಿದೆ. ಓದೋಕೆ ಬಿಡುತ್ತೆ, ಅವತ್ತು ಕಂಪ್ಯೂಟರ್ ನಿಂತಾಗಿಂದ ಬರೆಯೋಕೆ ಬಿಡ್ತಿಲ್ಲ."

"ಹೋಯ್ತಾ ಹಾಗಾದ್ರೆ?"

"ಅಯ್ಯೋ, ಒಳ್ಳೇದೇ ಆಯ್ತು! ಇವರು ಆನ್ ಮಾಡಿದಾಗ್ಲೂ ಅದು ಹೊಸದಾಗಿ ಏನೂ ಬರ್ಕೊಂಡಿಲ್ಲ. ಆದ್ರೆ ಯಾವಾಗ ಪೂರ್ತಿ ಕೈಕೊಡುತ್ತೋ. ಮೊದ್ಲು ನಕಲು ತೆಗೀಬೇಕು."

ನಕಲು ಹೊರಟಿತು. ನಡುವೆ ತಡೆಯಿತು. ಸೂಪರ್‌ವೈಸರ್ ಬಾಯಿ ತೆರೆದರು. ನಾದಿನಿ ಕೈ ಅಡ್ಡ ಹಿಡಿದಳು. ಉಸಿರು ಬಿಟ್ಟರೆ ಕೆಡುತ್ತದೇನೋ ಎಂಬಂತೆ ನಿಂತಿದ್ದೆ. ಮತ್ತೆ ಹೊರಟಿತು.

ನಕಲಿನಲ್ಲಿ ಹುಡುಕಿದಳು. ಹುಡುಕುತ್ತಲೇ ಇದ್ದಳು. ಆಮೇಲೆ ಮೇಜಿಗೆ ಹಣೆ ಹಚ್ಚಿ ಅತ್ತಳು.

"ಸುರಿದಿದೆ ಅತ್ತಿಗೆ. ಅಣ್ಣ ಆಫ್ ಮಾಡಿಲ್ಲ. ಬಿಸಿ, ಬಿಸಿ ಅಂತ ಕಂಪ್ಯೂಟರ್ ಎಷ್ಟೋ ಸಲ ಹೇಳಿ, ಅದಾಗೇ ಬಿದ್ದಿದೆ."

ಸೂಪರ್‌ವೈಸರ್ ಬಗ್ಗಿ ನೋಡಿದರು. "ರಿಪೋರ್ಟ್ ಬದಲಾಯಿಸೋಕೆ ನಾನೇ ಹೇಳ್ತೀನಮ್ಮ" ಎಂದರು. ಹೇಳಿದರು ಕೂಡ.

ಕಂಪ್ಯೂಟರಿನ ಹಿಂದೆ ಗಾಳಿ ಹೋಗುವ ಜಾಲರಿ. ಅದರ ಮೇಲೆ ಧೂಳು ಕಂಬಳಿಯಂತೆ ಕೂತಿತ್ತಂತೆ. ಅದನ್ನು ತೆಗೆಯುವುದು ಯಾರ ಕೆಲಸವೂ ಆಗಿರಲಿಲ್ಲ.

ಈಗ ಪಂಪ್‌ಹೌಸಿನಲ್ಲಿ ಗುಡಿಸುವವಳು ನಾನು. ಹೊಸ ಕಂಪ್ಯೂಟರ್ ಬಂದಿದೆ. ಬೆಳಿಗ್ಗೆ ಹೋದವಳೇ, ಪೊರಕೆ ಮುಟ್ಟುವ ಮೊದಲು, ಜಾಲರಿ ಬಿಚ್ಚಿ ಹೊರಗೆ ತಂದು ಬ್ರಶ್ಶಿನಿಂದ ಉಜ್ಜುತ್ತೇನೆ. ಮತ್ತೆ ಕೂರಿಸಿ, ಗಾಳಿ ಬರುತ್ತಿದೆಯೇ ಎಂದು ಅಂಗೈ ಹಿಡಿದು ನೋಡುತ್ತೇನೆ.