ನೀಲವ್ವತ್ತಿಯ ಕಾಲ್ಮರಿ

ಹೊಸ ಕಾರಿನ ಬಾಗಿಲು ತೆರೆದಾಗ ಒಳಗಿನಿಂದ ಬರುವ ವಾಸನೆ ಬಹಳ ಮಂದಿಗೆ ಇಷ್ಟ. ಬಿಸಿಲಿಗೆ ಕಾದ ರೆಕ್ಸಿನ್, ಅಂಟು, ಸೀಟಿನ ಮೇಲೆ ಇನ್ನೂ ಹರಿಯದ ಪ್ಲಾಸ್ಟಿಕ್ ಹಾಳೆ ಎಲ್ಲ ಬೆರೆತ ಆ ವಾಸನೆಯನ್ನು ಮೂಗರಳಿಸಿ ಎಳೆದುಕೊಂಡು ‘ಆಹಾ’ ಅನ್ನುವವರನ್ನು ನೋಡಿದ್ದೇನೆ. ನನ್ನ ಗಂಡ ಹೊಸ ಕಾರು ತಂದ ದಿನ ನಾನು ಆರತಿ ಎತ್ತಿ, ಒಳಗೆ ತಲೆ ಹಾಕಿ ನೋಡಿದವಳು ಹಾಗೆಯೇ ಹೊರಗೆ ಬಂದು ಗೇಟಿನ ಪಕ್ಕದ ಚರಂಡಿಗೆ ವಾಂತಿ ಮಾಡಿಕೊಂಡೆ. ಪಿತ್ತ ಎಂದು ಎಲ್ಲರಿಗೂ ಹೇಳಿದೆ. ಸುಳ್ಳು ಹೇಳುವುದರಲ್ಲಿ ನಾನು ಚಿಕ್ಕಂದಿನಿಂದಲೂ ಗಟ್ಟಿಗಿತ್ತಿ. ಆ ವಾಸನೆ ಬಂದರೆ ಸಾಕು, ಅದರ ಬೆನ್ನಿಗೇ ನನಗೊಂದು ಸದ್ದು ಕೇಳಿಸುತ್ತದೆ. ನುಣ್ಣನೆಯ ನೆಲದ ಮೇಲೆ ತಾಮ್ರದ ತಂಬಿಗೆಯನ್ನು ತಡೆದು ತಡೆದು ಕುಟ್ಟುವ ಸದ್ದು.

ನಮ್ಮದು ಸವದತ್ತಿ. ತೊಂಬತ್ತರ ದಶಕದ ಕೊನೆಯವರೆಗೂ ನಾವು ಪೇಟೆಯ ಹಿಂದಿನ ಓಣಿಯಲ್ಲಿದ್ದೆವು. ಎರಡು ಎಮ್ಮೆ ಎದುರುಬದುರು ಬಂದರೆ ಒಂದು ಹಿಂದೆ ಸರಿಯಬೇಕು, ಅಷ್ಟು ಅಗಲದ ಓಣಿ. ಅಪ್ಪನ ಬಟ್ಟೆ ಅಂಗಡಿ ಓಣಿಯ ಬಾಯಲ್ಲೇ ಇತ್ತು. ಅವ್ವ ಒಗ್ಗರಣೆ ಹಾಕಿದ ಘಮವೇ ಹೋಗಿ ಅಪ್ಪನನ್ನು ಊಟಕ್ಕೆ ಕರೆತರುತ್ತಿತ್ತು. ಗಿರಣಿ, ಮಠ, ಸಾಲೆ, ಡಾಕ್ಟರು, ಕಾಯಿಪಲ್ಯದ ಬುಟ್ಟಿ ಇಟ್ಟುಕೊಂಡು ಕೂರುವ ಮುದುಕಿ, ಎಲ್ಲವೂ ಬರಿಗಾಲಿನ ದೂರದಲ್ಲಿದ್ದವು. ಒಲೆಯ ಮೇಲೆ ಹಾಲಿಟ್ಟು ಬೆಲ್ಲ ತರಲು ಹೋದರೆ, ಹಾಲು ಉಕ್ಕುವುದರೊಳಗೆ ವಾಪಸು ಬರಬಹುದಿತ್ತು. ಅಲ್ಲಿ ಎಲ್ಲ ಸ್ವರ್ಗದಂತಿತ್ತು ಎಂದು ನಿಮ್ಮ ಮುಂದೆ ಹೇಳಲಾರೆ. ಗಟಾರ ನಾರುತ್ತಿತ್ತು, ಒಂದು ಮನೆಯ ಜಗಳ ಹತ್ತು ಮನೆಗೆ ಪುಕ್ಕಟೆ ಆಟ, ನನ್ನ ಜಡೆಯಲ್ಲಿ ಹೇನಾದದ್ದು ನನಗಿಂತ ಮೊದಲು ಓಣಿಗೆ ಗೊತ್ತಾಗಿತ್ತು. ನನಗೆ ಆ ಓಣಿಯೆಂದರೆ ನಾಚಿಕೆ. ಕಾರು ನಿಲ್ಲುವಂಥ ಮನೆ ಬೇಕು ಎಂದು ಅಪ್ಪನ ಕಿವಿ ಕಚ್ಚಿದವರಲ್ಲಿ ನಾನೇ ಮೊದಲನೆಯವಳು.

ಓಣಿಯ ಆ ಮನೆಯ ಕಾಲು ಎಂದರೆ ನೀಲವ್ವತ್ತಿ, ಅಪ್ಪನ ಅಕ್ಕ, ನಮ್ಮ ಬಾಯಲ್ಲಿ ಬರೀ ‘ಅತ್ತಿ’. ಮನೆಯಲ್ಲಿ ಸರಿಯಾದ ಕಾಲಿಲ್ಲದವಳೂ ಅವಳೊಬ್ಬಳೇ. ಚಿಕ್ಕವಳಿದ್ದಾಗ ಚಕ್ಕಡಿಯಿಂದ ಬಿದ್ದು ಎಡಗಾಲು ಸೊಟ್ಟಗಾಗಿತ್ತು. ಅದಕ್ಕೇ ಮದುವೆಯೂ ಆಗಲಿಲ್ಲ. ಒಂದು ಹೆಜ್ಜೆ ಊರಿ, ಇನ್ನೊಂದನ್ನು ಎಳೆದು, ದಿನಕ್ಕೆ ಹತ್ತು ಸಲ ಓಣಿ ಸುತ್ತುತ್ತಿದ್ದಳು. ಹಿಟ್ಟು ಬೀಸಿಸುವುದು, ಬಾಣಂತಿಗೆ ಎಣ್ಣೆ ಹಚ್ಚುವುದು, ಮುನಿಸಿಕೊಂಡ ಸೊಸೆಗೆ ಬುದ್ಧಿ ಹೇಳುವುದು ಎಲ್ಲ ಅವಳ ಪಾಲಿಗೆ. ಅವಳು ಹತ್ತಿರ ಬಂದರೆ ನೋವಿನ ಎಣ್ಣೆ, ಎಲೆ ಅಡಿಕೆ, ಬೀಸಿದ ಜೋಳದ ವಾಸನೆ ಬರುತ್ತಿತ್ತು. ಎರಡು ಮನೆ ಆಚೆ ಖೈರೂನಬಿಯ ಮನೆ. ಗಂಡ ಟೇಲರ್, ಅಪ್ಪನ ಅಂಗಡಿಯ ಬಟ್ಟೆ ಹೊಲಿಯುವವನು. ಖೈರೂನಬಿ ಗುಂಡಿ ಹೊಲಿಯುತ್ತ, ಅತ್ತಿ ದೀಪದ ಬತ್ತಿ ಹೊಸೆಯುತ್ತ ಮಧ್ಯಾಹ್ನಗಳನ್ನೆಲ್ಲ ಆ ಮನೆಯ ಮುಂದಿನ ಕಟ್ಟೆಯ ಮೇಲೆ ಕಳೆದರು. ನೀಲವ್ವತ್ತಿಗೆ ಗಂಡ, ಮಕ್ಕಳು, ತವರು ಏನೂ ಪ್ರತ್ಯೇಕವಾಗಿ ಇರಲಿಲ್ಲ. ಇದ್ದದ್ದು ಆ ಕಟ್ಟೆ.

ನಮ್ಮ ಕಡೆ ಚಪ್ಪಲಿಗೆ ಕಾಲ್ಮರಿ ಎನ್ನುತ್ತೇವೆ. ಓಣಿಯಲ್ಲಿ ಯಾರು ಮನೆಯಲ್ಲಿದ್ದಾರೆ, ಯಾರಿಲ್ಲ ಎಂದು ಕೇಳುವ ಪದ್ಧತಿ ಇರಲಿಲ್ಲ. ಮೆಟ್ಟಿಲ ಮೇಲಿನ ಕಾಲ್ಮರಿ ನೋಡಿದರೆ ಮುಗಿಯಿತು. ಅತ್ತಿಯವು ಯಾರಿಗೂ ಗುರುತು ಸಿಗುವಂಥವು, ಎಡಗಾಲಿನದು ಹೊರ ಅಂಚಿನಲ್ಲಿ ಸವೆದು ಚಂದ್ರನ ಹೋಳಿನಂತಾಗಿರುತ್ತಿತ್ತು. ಅವು ಮೆಟ್ಟಿಲ ಮೇಲಿದ್ದು ಬಾಗಿಲು ಮುಚ್ಚಿದ್ದರೆ ಹಾದುಹೋಗುವವರು ಬಡಿಯದೆ ಹೋಗುತ್ತಿರಲಿಲ್ಲ. “ನೀಲವ್ವಾ, ಜೀವ ಐತೋ ಹೋತೋ?” ಎಂದು ಖೈರೂನಬಿ ಕೂಗುವಳು. “ನಿನ್ನ ಬಿಟ್ಟು ಹೆಂಗ ಹೋಗಲೇ?” ಎಂದು ಒಳಗಿನಿಂದ ಉತ್ತರ. ಒಂದು ಮಳೆಗಾಲ ಅತ್ತಿ ಜ್ವರದಲ್ಲಿ ಬಚ್ಚಲ ಹಂಡೆಯ ಪಕ್ಕ ತಲೆ ತಿರುಗಿ ಬಿದ್ದಳು. ಮನೆಯಲ್ಲಿ ಯಾರೂ ಇರಲಿಲ್ಲ. ಕೂಗಿಗೆ ಉತ್ತರ ಬರಲಿಲ್ಲವೆಂದು ಖೈರೂನಬಿ ಹಿತ್ತಿಲ ಗೋಡೆ ಹಾರಿ ಬಂದಳು. ನಾನು ಸಾಲೆಯಿಂದ ಬರುವಷ್ಟರಲ್ಲಿ ಅತ್ತಿ ಗಂಜಿ ಕುಡಿಯುತ್ತ ಕೂತಿದ್ದಳು.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ಮನೋಳಿ ರಸ್ತೆಯಲ್ಲಿ, ಊರಿನಿಂದ ಒಂದು ಹರದಾರಿ ಆಚೆ, ಪ್ಲಾಟು ಕೊಂಡು ಅಪ್ಪ ಮನೆ ಕಟ್ಟಿಸಿದ. ಸುತ್ತ ಜಾಲಿ ಕಂಟಿ, ನಡುವೆ ಅಳತೆಯ ಕಲ್ಲುಗಳು, ಅಲ್ಲೊಂದು ಇಲ್ಲೊಂದು ಮನೆ. ಮೂವತ್ತು ಅಡಿ ರಸ್ತೆಗಳ ಮೇಲೆ ಬಿಸಿಲು ಬಿಟ್ಟರೆ ಬೇರೆ ಯಾರೂ ಓಡಾಡುತ್ತಿರಲಿಲ್ಲ. ಅಂಗಡಿ ಇಲ್ಲ, ಗಿರಣಿ ಇಲ್ಲ. ಕೊತ್ತಂಬರಿ ಮರೆತರೆ ಅಂದು ಕೊತ್ತಂಬರಿ ಇಲ್ಲದ ಸಾರು. ಮನೆಯ ಬೆನ್ನಿಗೇ ಬಿಳಿ ಕಾರು ಬಂತು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎನ್ನುವ ಹಾಗೆ ಅಪ್ಪ ಅದನ್ನು ದಿನಕ್ಕೆರಡು ಸಲ ತೊಳೆದ, ಸೀಟಿನ ಪ್ಲಾಸ್ಟಿಕ್ಕನ್ನು ಮಾತ್ರ ವರ್ಷವಾದರೂ ತೆಗೆಯಲಿಲ್ಲ. ಬಾಗಿಲಲ್ಲಿ ಕಾಲ್ಮರಿ ಬಿಟ್ಟರೆ ಹಳ್ಳಿಯವರ ಮನೆಯಂತೆ ಕಾಣುತ್ತದೆಂದು ಅವ್ವ ಒಳಗೊಂದು ಕಪಾಟು ಮಾಡಿಸಿದಳು. ಅತ್ತಿಯ ಸವೆದ ಕಾಲ್ಮರಿ ಅದರ ತಳದ ಖಾನೆಗೆ ಸೇರಿದವು.

ಅಲ್ಲಿ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಎಂದು ತಿಳಿಯಲು ಎಲ್ಲರೂ ನೋಡುತ್ತಿದ್ದದ್ದು ಕಾರು. ಯಾರೂ ಕಲಿಸಲಿಲ್ಲ, ನಾನೂ ಕಲಿತೆ. ಒಂದು ಹಬ್ಬದ ದಿನ ಎದುರು ಸಾಲಿನ ಓವರ್‌ಸೀಯರ್ ಮನೆಗೆ ಹೋಳಿಗೆ ಕೊಟ್ಟು ಬರಲು ಅತ್ತಿ ನನ್ನನ್ನು ಕಳಿಸಿದಳು. ಅವರ ಕಾರು ಇರಲಿಲ್ಲ. ಗೇಟನ್ನೂ ಮುಟ್ಟದೆ ತಿರುಗಿದೆ, ದಾರಿಯಲ್ಲಿ ಎರಡು ಹೋಳಿಗೆ ತಿಂದೆ. ಅವರ ಮುದಿ ತಾಯಿ ಕಿಟಕಿಯಲ್ಲಿ ಕೂತು ನನ್ನನ್ನು ನೋಡುತ್ತಿದ್ದಳಂತೆ. ಅದು ಅತ್ತಿಯ ಕಿವಿಗೆ ಬಿದ್ದು, “ನಿನ್ನ ಹೋಳಗಿ ಕೊಡಾಕ ಮನಿಶ್ಯಾರ ಹತ್ರ ಕಳಿಸಿದ್ನೋ, ಕಾರಿನ ಹತ್ರ ಕಳಿಸಿದ್ನೋ?” ಎಂದು ಬೈದಳು. ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಅತ್ತಿಯನ್ನು ಆ ಮನೆ ಮೆಲ್ಲಗೆ ಕೊಂದಿತು ಎಂದು ಬರೆದರೆ ಮನೆಯ ಮೇಲೆ ಅಪವಾದ ಹಾಕಿದಂತೆ. ನಾವು ಕೊಂದೆವು. ಹೋದ ಹೊಸದರಲ್ಲಿ ಒಂದು ದಿನ ಅವಳು ಯಾರಿಗೂ ಹೇಳದೆ ಖೈರೂನಬಿಯ ಮನೆಗೆಂದು ರಸ್ತೆ ಹಿಡಿದು ನಡೆದಳು. ಅರಳೆ ತುಂಬಿದ ಲಾರಿಗಳು ಪಕ್ಕದಲ್ಲಿ ಹಾಯುವ ರಸ್ತೆ, ನಿಲ್ಲಲು ಒಂದು ಗಿಡದ ನೆರಳಿಲ್ಲ. ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕೂತವಳನ್ನು ಅಪ್ಪನ ಪರಿಚಯದವರು ನೋಡಿ ಅಂಗಡಿಗೆ ಸುದ್ದಿ ಮುಟ್ಟಿಸಿದರು. ಅಪ್ಪ ಅವಳನ್ನು ಓಣಿಗೆ ಬಿಟ್ಟನೆಂದುಕೊಂಡಿರಾ? ತಿರುಗಿ ಮನೆಗೆ ತಂದ. “ಕಾರ್ ಇಟ್ಕೊಂಡು ಅಕ್ಕನ್ನ ರಸ್ತಾದಾಗ ನಡಸ್ತಾನ ಅಂತ ಮಂದಿ ನನ್ನ ಮಾರಿಗೆ ಉಗುಳಬೇಕೇನ? ಎಲ್ಲಿ ಹೋಗಬೇಕೋ ಹೇಳು, ನಾ ಬಿಡ್ತೇನಿ,” ಎಂದ. ಅಂದಿನಿಂದ ಅವಳು ನಡೆಯುವಂತಿರಲಿಲ್ಲ. ಬಿಡುತ್ತೇನೆಂದವನಿಗೆ ಬಿಡುವಿರಲಿಲ್ಲ. ಪ್ರತಿ ಐತವಾರ ಮುಂಜಾನೆ ಇಳಕಲ್ ಸೀರೆ ಉಟ್ಟು, ಚೀಲ ಹಿಡಿದು ಪಡಸಾಲೆಯಲ್ಲಿ ಕೂರುವಳು. ಮಧ್ಯಾಹ್ನ ಎದ್ದು ಹೋಗಿ ಸೀರೆ ಬಿಚ್ಚಿ ಮಡಿಚಿಡುವಳು. ಐದು ತಿಂಗಳು ನಡೆದ ಈ ನಾಟಕಕ್ಕೆ ನನ್ನ ತಮ್ಮ ‘ಐತವಾರದ ಮದುಮಗಳು’ ಎಂದು ಹೆಸರಿಟ್ಟಿದ್ದ. ನಾವೆಲ್ಲ ಹೊಟ್ಟೆ ತುಂಬ ನಕ್ಕಿದ್ದೇವೆ, ಅವಳ ಎದುರಿಗೇ.

ಕೊನೆಗೊಂದು ಐತವಾರ ನಿಕ್ಕಿಯಾಯಿತು. ಬೈಲಹೊಂಗಲದಲ್ಲಿ ಸೋದರಮಾವನ ಮಗನ ಕೂದಲು ತೆಗೆಸುವ ಜವಳ, ನಾವೆಲ್ಲ ಹೋಗಬೇಕು. ಹೊರಡುವಾಗ ಮೊದಲು ಓಣಿಗೆ ಹೋಗಿ ಅತ್ತಿಯನ್ನು ಇಳಿಸುವುದು, ಸಂಜೆ ಬರುತ್ತ ಕರೆತರುವುದು. ಅಪ್ಪನೇ ಖೈರೂನಬಿಗೆ ಹೇಳಿ ಬಂದಿದ್ದ. ಅತ್ತಿ ಹಿಂದಿನ ದಿನವೇ ಗುರೆಳ್ಳಿನ ಚಟ್ನಿ ಕುಟ್ಟಿ ಡಬ್ಬಿ ತುಂಬಿದಳು. ಮುಂಜಾನೆ ಕಾರು ಚಾಲೂ ಆಯಿತು. ಓಣಿ ಒಂದು ದಿಕ್ಕಿಗೆ, ಬೈಲಹೊಂಗಲ ಇನ್ನೊಂದು ದಿಕ್ಕಿಗೆ. ನಾನು ಕಿಟಕಿಯ ಪಕ್ಕ ಕೂತಿದ್ದೆ. ಜವಳ ಮುಗಿಸಿ ಕಿತ್ತೂರಿನ ಕೋಟೆ ತೋರಿಸುತ್ತೇನೆಂದು ಅಪ್ಪ ನನಗೆ ಮಾತು ಕೊಟ್ಟಿದ್ದ. ಅತ್ತಿ ಕಾಲೆಳೆಯುತ್ತ ಮೆಟ್ಟಿಲಿಳಿದು ಬರುವುದನ್ನು ನೋಡಿ, ಅವಳು ಹತ್ತುವುದು ಯಾವಾಗ, ಓಣಿಯ ಬಾಯಲ್ಲಿ ಇಳಿಯುವುದು ಯಾವಾಗ ಎಂದು ಲೆಕ್ಕ ಹಾಕಿದೆ. “ಅಪ್ಪಾ, ಮೊದಲು ಊರಾಗ ಹೋದ್ರ ತಡಾ ಆಗತೈತಿ. ಕ್ವಾಟಿ ನೋಡೂದು ಆಗೂದಿಲ್ಲ,” ಎಂದು ಅಳುವ ದನಿ ತೆಗೆದೆ. ಅಪ್ಪ ಗಡಿಯಾರ ನೋಡಿ, ಕಿಟಕಿಯಿಂದ ತಲೆ ಹೊರಹಾಕಿ, “ಸಂಜೀಕ ಬಂದು ಬಿಡ್ತೇನಿ ಯಕ್ಕಾ,” ಎಂದ. ಅತ್ತಿ ಒಂದು ಗಳಿಗೆ ನನ್ನ ಮುಖ ನೋಡಿದಳು. “ಹೋಗಿ ಬರ್ರಿ. ನಾ ಎಲ್ಲಿ ಓಡಿ ಹೋಗ್ತೇನಿ?” ಎಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಸಿದವಳು ನಾನು, ಮತ್ತು ನನಗಾಗ ಖುಷಿಯಾಗಿತ್ತು.

ಕೋಟೆಯ ಮುರುಕು ಗೋಡೆಗಳ ಮೇಲೆ ಓಡಿದೆ, ಐಸ್‌ಕ್ಯಾಂಡಿ ತಿಂದೆ, ಇನ್ನೊಂದು ಸುತ್ತು ಎಂದು ಹಟ ಮಾಡಿದೆ. ನಾವು ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮನೆಯಲ್ಲಿ ದೀಪ ಇರಲಿಲ್ಲ. ಅಪ್ಪ ಕಾರು ಬಂದ್ ಮಾಡಿದ ಕೂಡಲೇ ಒಳಗಿನಿಂದ ಆ ಸದ್ದು ಕೇಳಿತು, ಟಣ್, ಬಹಳ ಹೊತ್ತು ಬಿಟ್ಟು ಇನ್ನೊಂದು ಟಣ್. ನಾವು ಹೋದ ಮೇಲೆ ಅತ್ತಿ ಸೀರೆ ಬದಲಿಸಿ ಕಾಲು ತೊಳೆಯಲು ಬಚ್ಚಲಿಗೆ ಹೋಗಿದ್ದಳು. ಓಣಿಯ ಬಚ್ಚಲಿಗೆ ಒರಟು ಕಲ್ಲು. ಇಲ್ಲಿ ಅವ್ವ ಆರಿಸಿ ತಂದ ನುಣ್ಣನೆಯ ಟೈಲ್ಸ್. ಸೊಂಟದ ಎಲುಬು ಮುರಿದಿತ್ತು. ಮುಂಜಾನೆಯಿಂದ ಕೂಗಿ ದನಿ ಬಿದ್ದುಹೋದ ಮೇಲೆ ತಂಬಿಗೆ ಕುಟ್ಟುತ್ತಿದ್ದಳು. ತಂಬಿಗೆಯ ಒಂದು ಮಗ್ಗುಲು ಪೂರ್ತಿ ತಗ್ಗು ಬಿದ್ದಿತ್ತು.

ಧಾರವಾಡದ ಆಸ್ಪತ್ರೆಗೆ ಅವಳನ್ನು ಅದೇ ಕಾರಿನಲ್ಲಿ ಒಯ್ದರು. ಅಷ್ಟು ದೂರ ಅವಳು ಅದರಲ್ಲಿ ಹೋದದ್ದು ಅದೊಂದೇ ಸಲ, ಅದೂ ಮಲಗಿ. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಬೆವರಿಗೆ ಸೀಟಿನ ಪ್ಲಾಸ್ಟಿಕ್ ಅಂಟಿಕೊಂಡು ಅವಳು ನರಳಿದಾಗಲೆಲ್ಲ ಪರಪರ ಎನ್ನುತ್ತಿತ್ತು. ಊರೊಳಗೆ ಬಂದಾಗ ಕಣ್ಣು ಮುಚ್ಚಿಕೊಂಡೇ, “ಓಣಿ ಬಂತೇನ?” ಎಂದಳು. ಓಣಿಯ ಬಾಯಿ ನನ್ನ ಕಿಟಕಿಯ ಪಕ್ಕವೇ ಹಾದುಹೋಗುತ್ತಿತ್ತು. “ಬರುವಾಗ ನಿಲ್ಲಸ್ತೇನಿ ಯಕ್ಕಾ,” ಎಂದ ಅಪ್ಪ. ಹನ್ನೆರಡನೆಯ ದಿನ ಅವಳು ತೀರಿಕೊಂಡಳು. ಬರುವಾಗಲೂ ನಿಲ್ಲಿಸಲಿಲ್ಲ, ಹೆಣ ತಂದ ಗಾಡಿಯವನಿಗೆ ಅವಸರವಿತ್ತು.

ಅತ್ತಿಯನ್ನು ಮಣ್ಣು ಮಾಡುವ ದಿನ ಓಣಿಗೆ ಓಣಿಯೇ ನಡೆದುಕೊಂಡು ಬಂತು. ಅವ್ವನ ಕಪಾಟಿನಲ್ಲಿ ಅಷ್ಟು ಜಾಗವೆಲ್ಲಿ? ಹೊಸ ಮನೆಯ ಮೆಟ್ಟಿಲ ಮೇಲೆ ಮೊದಲ ಸಲ ಕಾಲ್ಮರಿಗಳ ರಾಶಿ ಬಿತ್ತು. ಓವರ್‌ಸೀಯರ್ ಹೆಂಡತಿ ಸೆರಗು ಬಾಯಿಗಿಟ್ಟು ಅಪ್ಪನಿಗೆ ಹೇಳುತ್ತಿದ್ದಳು, “ಏನೋ ದನಿ ಬಂದಂಗಾತ್ರಿ. ಕಾರ್ ಇರಲಿಲ್ಲಲ್ರೀ, ಟೀವಿ ಹಚ್ಚಿಟ್ಟು ಹೋಗ್ಯಾರ ಅಂದ್ಕೊಂಡ್ನಿ.” ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅವಳಿಗೆ ಕೊಡಬೇಕಿದ್ದ ಹೋಳಿಗೆ ತಿಂದವಳು ನಾನು. ಖೈರೂನಬಿ ಮಾತ್ರ ನನ್ನನ್ನು ಹಿತ್ತಿಲಿಗೆ ಕರೆದು ಗದ್ದ ಹಿಡಿದಳು. “ಅವತ್ತ ಅಕೀನ್ನ ಯಾಕ ತಂದು ಬಿಡಲಿಲ್ಲವಾ? ಮುಂಜಾನಿಂದ ಕಟ್ಟಿ ಮ್ಯಾಲ ಕುಂತು ಹಾದಿ ನೋಡೇನಿ. ಕಡೀಕ, ಕಾರಿನ್ಯಾಗ ನಿಮ್ಮ ಸಂಗಾಟ ಹೋಗಿರಬೇಕು ಅಂತ ಸುಮ್ಮನಾದೆ. ಇಲ್ಲಾಂದ್ರ ನಾನ ನಡಕೋತ ಬರ್ತಿದ್ನೆಲ್ಲವಾ!” ಅವಳ ಬೆರಳುಗಳಿಗೆ ದಾರದ ಮೇಣದ ವಾಸನೆ ಇತ್ತು. ನಾನು ಹೇಳಿದೆ, “ಅತ್ತೀನೇ ‘ನಾ ಬರಂಗಿಲ್ಲ’ ಅಂದ್ಳು.” ಅವಳ ಕೈ ನನ್ನ ಗದ್ದದಿಂದ ಜಾರಿತು. “ಹಂಗಂದ್ಳೇನ?” ಎಂದಳು. “ಹೂಂ” ಎಂದೆ.

ವರ್ಷಗಳು ಹೋದವು. ಮದುವೆಯಾಗಿ ಬೈಲಹೊಂಗಲದ ಒಂದು ಕಾಲನಿಗೆ ಬಂದೆ. ಇಲ್ಲಿಯೂ ಮೂವತ್ತು ಅಡಿ ರಸ್ತೆಗಳು, ಇಲ್ಲಿಯೂ ಗೇಟುಗಳು. ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ ಒಮ್ಮೆ ಗಟ್ಟಿ ಮನಸ್ಸು ಮಾಡಿ, ನಿಜ ಹೇಳಿಬರಬೇಕೆಂದೇ ಸವದತ್ತಿಗೆ ಹೋದೆ. ಓಣಿಯ ಒಂದು ಸಾಲಿನ ಕಟ್ಟೆಗಳನ್ನು ಒಡೆದು ರಸ್ತೆ ಅಗಲ ಮಾಡಿದ್ದರು. ನಮ್ಮ ಹಳೆಯ ಮನೆ ಯಾರದೋ ಗೋಡೌನ್ ಆಗಿತ್ತು, ಒಳಗಿನಿಂದ ಗೊಬ್ಬರದ ಚೀಲದ ಘಾಟು. ಖೈರೂನಬಿಯ ಮನೆಯ ಬಾಗಿಲು ಬೀಗವಿಲ್ಲದೆ ಮುಚ್ಚಿತ್ತು. ಮೆಟ್ಟಿಲು ನೋಡಿದೆ. ಕಾಲ್ಮರಿ ಇರಲಿಲ್ಲ. ಅವಳು ಮನೆಯಲ್ಲಿಲ್ಲ ಎಂದು ತಿಳಿದಾಗ ನನ್ನ ಎದೆ ಎಷ್ಟು ಹಗುರಾಯಿತೆಂದರೆ, ಬಡಿಯಲು ಎತ್ತಿದ ಕೈಯನ್ನು ಹಾಗೆಯೇ ಇಳಿಸಿ ಬಂದುಬಿಟ್ಟೆ.

ಮುಂದಿನ ವರ್ಷ ಅವಳ ಮಗ, ಟೆಂಪೋ ಓಡಿಸುವ ದಸ್ತಗೀರ, ಬೈಲಹೊಂಗಲದ ಸಂತೆಯಲ್ಲಿ ಸಿಕ್ಕ. ತಾಯಿ ಹೋಗಿ ಎಂಟು ತಿಂಗಳಾಯಿತು ಎಂದ. ಕೊನೆಯ ಎರಡು ವರ್ಷ ಹಾಸಿಗೆಯಲ್ಲೇ ಇದ್ದಳಂತೆ. ನಾನು ಬಂದು ಹೋದ ಹೊತ್ತಿಗೆ ಎಲ್ಲಿಗೆ ಹೋಗಿದ್ದಳು ಎಂದು ಕೇಳಿದೆ. “ಅಕಿ ಎಲ್ಲಿ ಹೋಗ್ತಾಳ್ರಿ? ಒಳಗ ಇದ್ಲು. ಏಳಾಕ ಬರ್ತಿರಲಿಲ್ಲ. ಇನ್ನ ಕಾಲ್ಮರಿ ಯಾತಕ್ಕಂತ ಯಾರಿಗೋ ಕೊಟ್ಟಿದ್ವಿ,” ಎಂದ. ಆಮೇಲೆ ಏನೋ ನೆನಪಾದವನಂತೆ ನಿಂತ. “ಅವ್ವ ಕಡೀತನಕ ಒಂದ ಮಾತ ಕೇಳತಿದ್ಲು ನೋಡ್ರಿ. ನೀಲವ್ವ ಅವತ್ತ ಯಾಕ ಬರಂಗಿಲ್ಲ ಅಂದ್ಳು, ನಾ ಏನ ತಪ್ಪ ಮಾಡಿದ್ನಿ ಅಂತ. ನಿಮಗೇನರ ಗೊತ್ತೈತೇನ್ರಿ ಅಕ್ಕಾರ?”

“ಇಲ್ಲಪಾ,” ಎಂದೆ. “ನಾ ಆಗ ಭಾಳ ಸಣ್ಣಾಕಿ.”

ಅವನು ತಲೆಯಾಡಿಸಿ ಟೆಂಪೋ ಹತ್ತಿದ. ನಾನು ಸಂತೆಯ ಚೀಲ ಹೊತ್ತು ಮನೆಗೆ ನಡೆದು ಬಂದೆ. ಕಾಲ್ಮರಿಯನ್ನು ಮೆಟ್ಟಿಲ ಮೇಲೆ ಬಿಟ್ಟು, ಬಾಗಿಲು ಮುಚ್ಚಿ, ಸಂಜೆಯವರೆಗೆ ಒಳಗೆ ಕೂತೆ. ಯಾರೂ ಬಡಿಯಲಿಲ್ಲ.