ಬ್ರೇಕಿನ ಮೇಲಿದ್ದ ಕಾಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಇದೆ. ಅದರಲ್ಲೂ ದೆವ್ವ, ಗಾಳಿ, ದೃಷ್ಟಿ ಅಂತ ಯಾರಾದರೂ ಬಾಯಿ ತೆರೆದರೆ ಮೈಯೆಲ್ಲ ಉರಿಯುತ್ತಿತ್ತು. ಅಂಥ ನಾನು ಎಪ್ಪತ್ತರ ದಶಕದ ಒಂದು ವರ್ಷ, ರಾಜಾಜಿನಗರದ ನಮ್ಮ ಮನೆಯ ಅಂಗಳದಲ್ಲಿ, ಆಯುಧಪೂಜೆಯಿಂದ ದೀಪಾವಳಿಯ ತನಕ ಒಂದು ಕೆಂಪು ದೀಪಕ್ಕೆ ಹೆದರಿಕೊಂಡಿದ್ದೆ. ವಯಸ್ಸಾದ ಮೇಲೆ ಇದನ್ನೆಲ್ಲ ಹೇಳಿಕೊಳ್ಳಲು ನಾಚಿಕೆಯಿಲ್ಲ.

ನಮ್ಮಪ್ಪ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸಣ್ಣದೊಂದು ಲೇತ್ ಶೆಡ್ ಇಟ್ಟಿದ್ದರು. ತಯಾರಾದ ಸಾಮಾನನ್ನು ಕೆಂಗೇರಿಯ ಕಾರ್ಖಾನೆಯೊಂದಕ್ಕೆ ಮುಟ್ಟಿಸಲು ಹಳೆಯದೊಂದು ಪಿಕಪ್ ಗಾಡಿ. ಅದು ನನಗಿಂತ ಎರಡು ವರ್ಷ ಚಿಕ್ಕದು, ಅಪ್ಪನಿಗೆ ನನಗಿಂತ ಹೆಚ್ಚು ಮುದ್ದು. ಆ ವರ್ಷ ಶ್ರಾವಣದ ಒಂದು ಮಧ್ಯಾಹ್ನ, ಕೆಂಗೇರಿ ಇನ್ನೇನು ಒಂದು ಮೈಲಿ ಇದೆ ಅನ್ನುವಾಗ, ಅಪ್ಪನಿಗೆ ಎದೆ ಹಿಡಿದುಕೊಂಡಿದೆ. ಗಾಡಿಯನ್ನು ಅರ್ಧ ರಸ್ತೆಯಲ್ಲೇ ನಿಲ್ಲಿಸಿ, ಕೂತಲ್ಲೇ ಹೋಗಿಬಿಟ್ಟಿದ್ದರು. ಹಿಂದೆ ಬಂದ ಬಸ್ಸಿನ ಡ್ರೈವರು ಬ್ರೇಕ್ ಲೈಟು ಆರದೆ ಉರಿಯುತ್ತಿದ್ದುದನ್ನು ಕಂಡು, ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ, ಇಳಿದು ಬಂದು ನೋಡಿದನಂತೆ. ಬಲಗಾಲು ಪೆಡಲಿನ ಮೇಲೆ ಸೆಟೆದುಕೊಂಡಿತ್ತಂತೆ, ಇಬ್ಬರು ಸೇರಿ ಎತ್ತಬೇಕಾಯಿತಂತೆ. ಒಳ್ಳೆಯ ಮನುಷ್ಯ, ಮನೆಯ ತನಕ ಬಂದು ಕೈಮುಗಿದು ಹೋದ. ಆದರೆ ಕಾಲಿನ ವಿಷಯವನ್ನು ಅಮ್ಮನ ಮುಂದೆ ಹೇಳಬಾರದಿತ್ತು.

ಆಯುಧಪೂಜೆ ಬಂತು. ಸಾವಾದ ವರ್ಷ ಹಬ್ಬ ಮಾಡುವುದುಂಟೇ ಎಂದು ನೆಂಟರು ರಾಗ ಎಳೆದರು. ಹಬ್ಬ ನಮಗಿಲ್ಲ, ಗಾಡಿಗಿದೆ ಎಂದು ಅಮ್ಮ ಅವರ ಬಾಯಿ ಮುಚ್ಚಿಸಿದಳು. ನಾನು ಡ್ರೈವರ್ ಸೀಟಿನ ಕಾಲಡಿಯ ಹಲಗೆ ಬಿಚ್ಚಿಟ್ಟು ಗಾಡಿಯನ್ನು ಒಳಗೂ ಹೊರಗೂ ತೊಳೆದೆ. ಅಪ್ಪ ಪ್ರತಿವರ್ಷ ಸ್ಟೇರಿಂಗಿಗೆ ಅರಿಶಿನದ ದಾರ ಕಟ್ಟುತ್ತಿದ್ದರು. ಈ ಸಲ ಕಟ್ಟಿದವಳು ಅಮ್ಮ, ಕಟ್ಟಿದ್ದು ಸ್ಟೇರಿಂಗಿಗಲ್ಲ. ತಾನೇ ಹೊಸೆದ ದಪ್ಪ ಹತ್ತಿ ದಾರವನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ, ಬಗ್ಗಿ, ಬ್ರೇಕ್ ಪೆಡಲಿನ ಬುಡಕ್ಕೆ ಸುತ್ತಿದಳು. ಅವರ ಕಾಲು ಕಡೆಯ ಸಲ ಇದ್ದದ್ದು ಅಲ್ಲಿ ತಾನೇ. ನನಗೆ ನೋಡಲಾಗಲಿಲ್ಲ, ಮುಖ ತಿರುಗಿಸಿಕೊಂಡೆ. ಆಮೇಲೆ ವಿಭೂತಿ, ಕುಂಕುಮ, ಚಕ್ರದಡಿಗೆ ನಿಂಬೆಹಣ್ಣು ಎಲ್ಲ ಆಯಿತು. ಹಲಗೆ ಮುಚ್ಚಿದೆ. ಸಂದಿನಿಂದ ದಾರದ ಒಂದು ತುದಿ ಮಾತ್ರ ಮೇಲೆ ಕಾಣುತ್ತಿತ್ತು.

ಮಾರನೆಯ ಸಂಜೆ ಜೋರು ಮಳೆ. ನಿಂತ ಮೇಲೆ ಬಾಗಿಲು ತೆರೆದರೆ ಸುಣ್ಣ ಹೊಡೆದ ಕಾಂಪೌಂಡ್ ಗೋಡೆ ಕೆಂಪಗಿತ್ತು. ಗಾಡಿಯ ಬ್ರೇಕ್ ಲೈಟು ಉರಿಯುತ್ತಿತ್ತು. ಒಳಗೆ ಯಾರೂ ಇಲ್ಲ, ಕೀ ನನ್ನ ಜೇಬಿನಲ್ಲಿ. ಕೀ ಇಲ್ಲದೆಯೂ ಆ ದೀಪ ಹತ್ತುತ್ತದೆ, ಹಳೇ ಗಾಡಿಯ ವೈರಿಂಗೇ ಹಾಗೆ. ಆದರೆ ಪೆಡಲನ್ನು ಯಾರಾದರೂ ತುಳಿಯಬೇಕಲ್ಲ? ಹೋಗಿ ತುಳಿದು ಬಿಟ್ಟೆ. ಆರಲಿಲ್ಲ. ತಿರುಗಿದರೆ ಅಮ್ಮ ಹೊಸ್ತಿಲಲ್ಲಿ ನಿಂತಿದ್ದಳು.

"ಕಾಲು ಇನ್ನೂ ತೆಗೆದಿಲ್ಲ ಕಣೋ ಅವರು."

ಅವಳಿಗೆ ಹೆದರಿಕೆಯಾಗಿದ್ದರೆ ಬೈದು ಬಿಡಿಸುತ್ತಿದ್ದೆ. ಹೆದರಿಕೆಯಲ್ಲ, ಸಂಕಟ. ನಮ್ಮ ಪೈಕಿ ಸತ್ತವರು ಶಿವನ ಪಾದ ಸೇರುತ್ತಾರೆ, ದೆವ್ವವಾಗಿ ಅಲೆಯುವ ಮಾತೇ ಇಲ್ಲ. ಇವರು ಮಾತ್ರ ಮನೆಯ ಚಿಂತೆಯಲ್ಲಿ ಬ್ರೇಕು ಒತ್ತಿಕೊಂಡು ಕೂತಿದ್ದಾರೆ, ಕಾಲು ನೋಯುತ್ತಿದೆ, ಎತ್ತಲಾಗುತ್ತಿಲ್ಲ ಎಂದು ಅವಳ ತಲೆಗೆ ಹೊಕ್ಕಿತು. ಅಂದಿನಿಂದ ಎರಡು ತುತ್ತಿಗೆ ಕೈ ತೊಳೆಯತೊಡಗಿದಳು. ರವಿಕೆಯ ತೋಳು ಸಡಿಲವಾಗಿ ಜೋಲತೊಡಗಿತು.

ಎಸ್ಟೇಟಿನ ಗೇಟಿನ ಎದುರು ಒಬ್ಬ ಆಟೋ ಎಲೆಕ್ಟ್ರೀಷಿಯನ್ ಇದ್ದ, ಅಪ್ಪನ ಕಾಲದಿಂದಲೂ ಗಾಡಿ ನೋಡಿದವನು. ಅವನನ್ನು ಮಧ್ಯಾಹ್ನದ ಹೊತ್ತಿಗೆ ಮನೆಗೆ ಕರೆತಂದೆ. ಟೆಸ್ಟ್ ಲ್ಯಾಂಪ್ ಹಿಡಿದು ಬಲ್ಬು, ವೈರು, ಅರ್ಥ್ ಎಲ್ಲ ನೋಡಿದ. ಗಾಡಿಯಡಿಗೆ ತೂರಿ ಪೆಡಲಿನ ಸ್ವಿಚ್ಚನ್ನೂ ನೋಡಿದ. ಅಲ್ಲಿ ಸುತ್ತಿದ್ದ ಅರಿಶಿನದ ದಾರ ಕಂಡು ಬೆರಳು ಸೋಕಿಸಿ ಕಣ್ಣಿಗೊತ್ತಿಕೊಂಡ, ಹಾಗೇ ಬಿಟ್ಟ. ಪೂಜೆಯ ದಾರವನ್ನು ಯಾರು ತಾನೇ ಬಿಚ್ಚುತ್ತಾರೆ? ಅದು ತಾನಾಗಿ ಕಳಚಿ ಬೀಳಬೇಕು. ಸ್ವಿಚ್ಚು ಗಟ್ಟಿಮುಟ್ಟಾಗಿದೆ, ದೀಪ ಸರಿಯಾಗಿ ಹತ್ತಿ ಆರುತ್ತಿದೆ ಎಂದ. ಸಂಜೆ ಮತ್ತೆ ಗೋಡೆ ಕೆಂಪಾಯಿತು.

ಇನ್ನೊಂದು ದಿನ ಬಂದು ಹಿಂದಿನ ವೈರು ಪೂರಾ ಬದಲಿಸಿದ. ಸಂಜೆ ಅದೇ ಕಥೆ. ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತಿತ್ತು, ಸ್ಟಾರ್ಟ್ ಮಾಡಲು ಮುಂದಿನಿಂದ ಹ್ಯಾಂಡಲ್ ಹೊಡೆದು ನನ್ನ ರಟ್ಟೆ ಬಿದ್ದುಹೋಯಿತು. ಸಿಟ್ಟಿಗೆ ದೀಪದ ವೈರನ್ನೇ ಕಿತ್ತುಹಾಕಿ ಕೆಂಗೇರಿಗೆ ಹೊರಟೆ. ವಿಜಯನಗರ ದಾಟುವಷ್ಟರಲ್ಲಿ, ನಾನು ಬ್ರೇಕ್ ಹಾಕಿದ್ದು ಗೊತ್ತಾಗದೆ ಹಿಂದಿನ ಲಾರಿ ಗೇಣುದೂರಕ್ಕೆ ಬಂದು ನಿಂತಿತು. ಡ್ರೈವರು ನನ್ನ ವಂಶವನ್ನೆಲ್ಲ ಜಾಲಾಡಿಸಿದ. ತಪ್ಪು ನನ್ನದೇ. ವಾಪಸು ಬಂದು ವೈರು ಸೇರಿಸಿದೆ.

ಕಡೆಗೆ ಎಲೆಕ್ಟ್ರೀಷಿಯನ್ ಬರುವುದನ್ನೇ ಬಿಟ್ಟ. ಹಗಲು ಸರಿಯಿದ್ದು ದೀಪ ಹಚ್ಚೋ ಹೊತ್ತಿಗೆ ಕೆಡುವುದು ವೈರಿನ ಕಾಯಿಲೆಯಲ್ಲ ಸಾರ್ ಎಂದು ಕಣ್ಣು ತಪ್ಪಿಸಿ ಹೇಳಿದ. ಅವನ ಮೇಲೆ ಹರಿಹಾಯ್ದೆ. ಆದರೆ ಆ ದಿನದಿಂದ ಗಾಡಿ ಹತ್ತುವಾಗ ಸೀಟಿನ ಮೇಲೆ ಒಮ್ಮೆ ಕೈಯಾಡಿಸಿ ಕೂರುತ್ತಿದ್ದೆ.

ದೀಪಾವಳಿಗೆ ಎರಡು ದಿನವಿತ್ತು. ಶೆಡ್ಡಿನಿಂದ ಬೇಗ ಹೊರಟು ನಡೆದುಕೊಂಡು ಮನೆಗೆ ಬಂದೆ. ಗೇಟಿನ ಬಳಿ ನಿಂತುಬಿಟ್ಟೆ. ಅಮ್ಮ ಗಾಡಿಯ ಬಾಗಿಲು ತೆರೆದು, ದಾರದ ತುದಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಚೊಂಬಿನಿಂದ ಪೆಡಲಿನ ಮೇಲೆ ಸಣ್ಣಗೆ ನೀರು ಹುಯ್ಯುತ್ತಿದ್ದಳು. ಬೇಸಗೆಯಲ್ಲಿ ಕೆಂಗೇರಿಯಿಂದ ಬಂದ ಅಪ್ಪನ ಕಾಲಿಗೆ ಹುಯ್ಯುತ್ತಿದ್ದಳಲ್ಲ, ಹಾಗೆ.

"ಸಾಕು ಬಿಡಿ, ಎತ್ತಿ. ಎಷ್ಟು ಅಂತ ಒತ್ಕೊಂಡು ಕೂತಿರ್ತೀರ? ಮನೆ ನಾನು ನೋಡ್ಕೋತೀನಿ."

ಬಾಗಿಲು ಹಾಕಿ ಅಲ್ಲೇ ಕಾದಳು. ನಾನೂ ಕಾದೆ. ಕಾಲು ಗಂಟೆಯೂ ಆಗಿರಲಿಲ್ಲ, ಗಾಡಿಯಡಿ ಟಕ್ ಎಂದಿತು. ಗೋಡೆ ಕೆಂಪಾಯಿತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೆ ಮೈಯೆಲ್ಲ ಮುಳ್ಳೆದ್ದಿತು, ಸುಳ್ಳು ಯಾಕೆ ಹೇಳಲಿ.

ಮಾರನೆಯ ಮಧ್ಯಾಹ್ನ, ಅಮ್ಮ ಒಳಗೆ ಮಲಗಿದ್ದಾಗ, ಕಾಲಡಿಯ ಹಲಗೆ ಬಿಚ್ಚಿದೆ. ಪೆಡಲಿನ ಕಡ್ಡಿಗೆ ಸುತ್ತುವಾಗ ಅವಳು ಪಕ್ಕದ ಸ್ವಿಚ್ಚಿನ ಸ್ಪ್ರಿಂಗನ್ನೂ ಸೇರಿಸಿ ಬಿಗಿದಿದ್ದಳು. ಪೆಡಲು ಒತ್ತಿದಾಗ ಆ ಸ್ಪ್ರಿಂಗು ಎಳೆದೇ ಬ್ರೇಕ್ ಲೈಟು ಹತ್ತುವುದು. ದಾರ ಆ ಹೊತ್ತಿಗೆ ಒಣಗಿ ಸಡಿಲವಾಗಿತ್ತು. ಚೊಂಬು ತಂದು ನಾನೇ ಅದರ ಮೇಲೆ ನೀರು ಹುಯ್ದು, ಬೀಡಿ ಹಚ್ಚಿ ಕೂತೆ. ಮಳೆಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಬಿಗಿಯುತ್ತದಲ್ಲ, ದಾರ ಹಾಗೆ ಕಣ್ಣೆದುರೇ ಬಿಗಿಯುತ್ತಾ ಸ್ಪ್ರಿಂಗನ್ನು ಎಳೆಯಿತು. ಟಕ್.

ಮೊದಲ ದಿನ ಗಾಡಿಯಡಿಗೆ ಎರಚಿದ ಮಳೆ ಮಾಡಿದ ಕೆಲಸವನ್ನು ಆಮೇಲೆ ದಿನಾ ಅವಳ ಚೊಂಬು ಮಾಡಿತ್ತು. ಕಾಲು ಎತ್ತಲಿ ಎಂದು ಅವಳು ಹುಯ್ದ ನೀರೇ ಆ ಕಾಲನ್ನು ಒತ್ತುತ್ತಿತ್ತು.

ಒಳಗೆ ನುಗ್ಗಿ, ಎಬ್ಬಿಸಿ, ನೋಡು ನಿನ್ನ ದೆವ್ವ ಎಂದು ತೋರಿಸಬೇಕು ಅನ್ನಿಸಿತು. ಬಾಗಿಲ ತನಕ ಹೋದೆ ಕೂಡ. ಚಾಪೆಯ ಮೇಲೆ ಮುದುರಿ ಮಲಗಿದ್ದಳು, ಹಿಡಿಯಷ್ಟಾಗಿದ್ದಳು. ಇಷ್ಟು ದಿನ ಮಾತಾಡಿದ್ದು ಒಂದು ದಾರದ ಜೊತೆ ಎಂದು ಇವಳಿಗೆ ಹೇಗೆ ಹೇಳಲಿ? ವಾಪಸು ಬಂದು ದಾರವನ್ನು ಕತ್ತರಿಸಿ, ಒದ್ದೆಯಾಗಿಯೇ ಅಂಗಿಯ ಜೇಬಿಗೆ ತುರುಕಿಕೊಂಡು ಹಲಗೆ ಮುಚ್ಚಿದೆ.

ಸಂಜೆ ಅವಳು ಚೊಂಬು ಹಿಡಿದು ಬಂದಳು. ನಾನು ಬೇಕೆಂದೇ ಪಕ್ಕದಲ್ಲಿ ನಿಂತೆ. ನೀರು ಹುಯ್ದಳು. ಕಾದೆವು. ಕತ್ತಲಾಯಿತು, ಗೋಡೆ ಬೆಳ್ಳಗೇ ಇತ್ತು. ಅಮ್ಮ ಬಗ್ಗಿ ಪೆಡಲಿನ ಸುತ್ತ ಕೈಯಾಡಿಸಿದಳು. ಹುಡುಕಿದಳು. ಎದ್ದು ನಿಂತಾಗ ಮುಖ ಹಗುರಾಗಿತ್ತು.

"ಹೋಗ್ತಾ ದಾರಾನೂ ತಗೊಂಡು ಹೋಗಿದ್ದಾರೆ ಕಣೋ."

ಹೂಂ ಅಮ್ಮ ಎಂದೆ. ಜೇಬು ಎದೆಗೆ ತಣ್ಣಗೆ ಅಂಟಿಕೊಂಡಿತ್ತು. ಆ ರಾತ್ರಿ ಅವಳು ಮತ್ತೊಮ್ಮೆ ಅನ್ನ ಹಾಕಿಸಿಕೊಂಡಳು.

ಬೆಳಿಗ್ಗೆ ಅವಳು ಏಳುವ ಮೊದಲೇ ಆ ಅಂಗಿಯನ್ನು ಬಚ್ಚಲಿಗೆ ಒಯ್ದೆ. ಹುಟ್ಟಿದಾಗಿನಿಂದ ನಾನು ಬಟ್ಟೆ ಒಗೆದವನಲ್ಲ. ಜೇಬಿನ ಹಳದಿ ಕಲೆಗೆ ಸೋಪು ಹಚ್ಚಿದೆ. ಕಲೆ ಕೆಂಪಗೆ ಹತ್ತಿಕೊಂಡಿತು. ಅರಿಶಿನಕ್ಕೆ ಸೋಪು ತಾಗಿದರೆ ಹಾಗಾಗುತ್ತದೆ ಎಂದು ಆಮೇಲೆ ಯಾರೋ ಹೇಳಿದರು. ಆ ಹೊತ್ತಿಗೆ ನನಗದು ಗೊತ್ತಿರಲಿಲ್ಲ. ಅಂಗಿಯನ್ನು ಕಲ್ಲಿನ ಮೇಲೇ ಬಿಟ್ಟು, ಅಪ್ಪಾ ತಪ್ಪಾಯ್ತು ಎಂದು ಎದ್ದು ಹೊರಗೆ ಬಂದೆ.